ಯಾವ ವೈನಿನ ಪಕ್ಕ ಯಾವ ವೈನು?

ನಮ್ಮ ಮನೆಗೆ ಬಂದ ಏಕೈಕ ವೈನ್ ಎಂದರೆ ಕೆಮ್ಮಿಗೆ ಕುಡಿಸುತ್ತಿದ್ದ ದ್ರಾಕ್ಷಾರಿಷ್ಟ. ಅದೂ ಹುದುಗಿ ಬಂದದ್ದೇ, ಅದರಲ್ಲೂ ಆಲ್ಕೋಹಾಲ್ ಇದೆ ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವ ನಾನು ವೈನ್ ಸವಿಯುವುದನ್ನು ಕಲಿಯಲು ಹೊರಟದ್ದು ಕುತೂಹಲಕ್ಕೆ. ತರಗತಿ ಹುಡುಕುವಾಗ ಮಾತ್ರ ಮೇಷ್ಟರ ಬುದ್ಧಿಯೇ ಮುಂದೆ ಬಂತು.

ಮೊದಲು ಹೋದದ್ದು ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ. ಐದು ಖಾದ್ಯ, ಐದು ವೈನ್, ಹಿತವಾದ ಸಂಗೀತ. ಪಾಠ ಮಾಡಿದವರು ಆ ಬಾಟಲಿಗಳನ್ನು ಮಾರುವ ಸಂಸ್ಥೆಯವರೇ. ಹೀಗಾಗಿ ಐದೂ ಅತ್ಯುತ್ತಮವಾಗಿದ್ದವು. ಮೂರನೆಯ ಗ್ಲಾಸಿನ ಹೊತ್ತಿಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಆರ್ಡರ್ ಪುಸ್ತಕ ಬಂತು. ಊಟ ಚೆನ್ನಾಗಿತ್ತು, ಅದನ್ನು ಮರೆಮಾಚುವುದಿಲ್ಲ.

ಆಮೇಲೆ ಯಾರಿಗೇ ಫೋನ್ ಮಾಡಿದರೂ ಎಷ್ಟು ಬಗೆಯ ವೈನ್ ಕೊಡುತ್ತೀರಿ ಎಂದು ಕೇಳುವುದನ್ನು ಬಿಟ್ಟೆ. ಯಾವುದರ ಪಕ್ಕ ಯಾವುದನ್ನು ಇಡುತ್ತೀರಿ, ಪೀಕದಾನಿ ಇರುತ್ತದೆಯೇ ಎಂದು ವಿಚಾರಿಸತೊಡಗಿದೆ. ಉಗುಳಲು ಪಾತ್ರೆ ಇಡದವರು ಕಲಿಸಲು ಕರೆಯುತ್ತಿಲ್ಲ, ಕುಡಿಸಲು ಕರೆಯುತ್ತಿದ್ದಾರೆ. ಒಬ್ಬರು ಮಾತ್ರ, "ಮೇಡಂ, ಮೊದಲ ಅರ್ಧ ಗಂಟೆ ವೈನೇ ಇರುವುದಿಲ್ಲ, ನಿಮಗೆ ಬೇಸರವಾಗಬಹುದು. ಸೆಂಟ್ ಹಾಕಿಕೊಂಡು ಬರಬೇಡಿ, ಮಲ್ಲಿಗೆಯನ್ನೂ ಮುಡಿಯಬೇಡಿ" ಎಂದರು. ಕೂಡಲೇ ಶುಲ್ಕ ಕಟ್ಟಿದೆ.

ಆ ಅರ್ಧ ಗಂಟೆಯಲ್ಲಿ ಮುಂದಿದ್ದದ್ದು ಕಾಗದದ ಲೋಟಗಳು. ಒಂದರಲ್ಲಿ ನಿಂಬೆರಸ ಹಿಂಡಿದ ನೀರು, ಇನ್ನೊಂದರಲ್ಲಿ ಅದಕ್ಕೇ ಸಕ್ಕರೆ ಕದಡಿದ್ದು, ಮತ್ತೊಂದರಲ್ಲಿ ಹಾಲಿಲ್ಲದ ಕಡು ಚಹಾ. ಮೊದಲೆರಡರ ಆಮ್ಲ ಒಂದೇ. ಪಿಎಚ್ ಮೀಟರ್ ಅದ್ದಿ ನೋಡಿದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಾಲಿಗೆ ಮಾತ್ರ ಸಕ್ಕರೆಗೆ ಮರುಳಾಗಿ ಹುಳಿ ಕಡಿಮೆಯಾಯಿತು ಎಂದು ವರದಿ ಕೊಡುತ್ತದೆ. ಹುಳಿಯನ್ನು ಅಳೆಯಲು ರುಚಿಯನ್ನಲ್ಲ, ಬಾಯಲ್ಲಿ ಊರುವ ನೀರನ್ನು ಗಮನಿಸಿ ಎಂದರು. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ಹುಣಸೆಹಣ್ಣಿನದೂ ಅದೇ. ಸಾರು ಕುಡಿದು ಬೆಳೆದ ನಮಗೆ ಇದೇನು ಹೊಸದಲ್ಲ. ಚಹಾ ಒಸಡನ್ನು ಹಿಡಿದೆಳೆದಂತಾಯಿತಲ್ಲ, ಕೆಂಪು ವೈನಿನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಮಾಡುವುದೂ ಅದನ್ನೇ.

ಬಳಿಕ ಬಂದ ವೈನುಗಳೆಲ್ಲ ಜೋಡಿಯಾಗಿಯೇ ಬಂದವು, ಬಾಟಲಿಗೆ ಕಾಗದ ಸುತ್ತಿಕೊಂಡು. ಶಿರಾಜ್ ಪಕ್ಕದಲ್ಲಿ ಕ್ಯಾಬರ್ನೆ ಸೊವಿನ್ಯೋನ್ (ಎರಡೂ ದ್ರಾಕ್ಷಿ ತಳಿಯ ಹೆಸರು ಹೊತ್ತ ಕೆಂಪು ವೈನುಗಳು), ಜೊತೆಗೆ ಒಂದು ಬಟ್ಟಲಿನಲ್ಲಿ ಜಜ್ಜಿದ ಕರಿಮೆಣಸು. ಮೆಣಸನ್ನು ಮೂಸಿ ಶಿರಾಜ್ ಮೂಸಿದರೆ ನಂಟು ತಿಳಿಯುತ್ತದೆ. ಎರಡರಲ್ಲೂ ಇರುವುದು ರೊಟಂಡೋನ್ ಎಂಬ ಒಂದೇ ಸಂಯುಕ್ತ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಯುವಕನಿಗೆ ಮಾತ್ರ ಏನೂ ತಿಳಿಯಲಿಲ್ಲ. ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಸಾಗಹಾಕಬಹುದಿತ್ತು. ಆದರೆ ನಮಗೆ ಪಾಠ ಮಾಡುತ್ತಿದ್ದ ಮೇಷ್ಟರು, ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಆ ವಾಸನೆ ಹತ್ತುವುದೇ ಇಲ್ಲ, ಅದು ನಿಮ್ಮ ದಡ್ಡತನವಲ್ಲ ಎಂದರು. ಪಾಠ ಮಾಡುವುದು ಎಂದರೆ ಇದು.

ಕೊನೆಯ ಜೋಡಿಯಂತೂ ಎಲ್ಲರನ್ನೂ ಬೇಸ್ತು ಬೀಳಿಸಿತು. ಒಂದೇ ಬಾಟಲಿಯ ಶಿರಾಜ್, ಒಂದು ಗ್ಲಾಸಿನದು ಏಪ್ರಿಲ್ ತಿಂಗಳ ಕೋಣೆಯ ಬಿಸಿಯಲ್ಲಿ ಇಟ್ಟಿದ್ದು, ಇನ್ನೊಂದರದು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿದ್ದದ್ದು. ಬಿಸಿಯದ್ದರಲ್ಲಿ ಬರೀ ಆಲ್ಕೋಹಾಲಿನ ಘಾಟು. ನಮ್ಮಲ್ಲಿ ಹೆಚ್ಚಿನವರು ಅವೆರಡೂ ಬೇರೆ ಬೇರೆ ವೈನ್ ಎಂದೇ ಬರೆದಿದ್ದರು. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಎನ್ನುವ ಮಾತು ತಣ್ಣನೆಯ ಯುರೋಪಿನ ಕೋಣೆಗಳದು. ಶಿರಾಜ್‌ನಂಥ ಕೆಂಪು ವೈನಿಗೆ ಒಗ್ಗುವುದು 16ರಿಂದ 18 ಡಿಗ್ರಿ.

ಪ್ರಮಾಣಪತ್ರ ಬೇಕೆನ್ನುವವರಿಗೆ 1969ರಲ್ಲಿ ಲಂಡನ್ನಿನಲ್ಲಿ ಶುರುವಾದ ಡಬ್ಲ್ಯುಎಸ್‌ಇಟಿ (ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್) ಸಂಸ್ಥೆಯ ಕೋರ್ಸುಗಳಿವೆ. ಮೊದಲ ಹಂತಕ್ಕೆ ಒಂದು ದಿನ ಸಾಕು. ಕೊನೆಗೆ 45 ನಿಮಿಷದಲ್ಲಿ 30 ಬಹು ಆಯ್ಕೆ ಪ್ರಶ್ನೆ, ಪಾಸಾಗಲು ಶೇ. 70. ಎರಡನೆಯ ಹಂತಕ್ಕೆ ನೇರವಾಗಿಯೇ ಸೇರಬಹುದು. ಈ ಎರಡು ಹಂತಗಳಲ್ಲೂ ಸವಿದು ಉತ್ತರಿಸುವ ಪರೀಕ್ಷೆ ಇಲ್ಲ, ಅದು ಬರುವುದು ಮೂರನೆಯದರಲ್ಲಿ. ಪ್ರಾಯೋಗಿಕ ಪರೀಕ್ಷೆ ಇಲ್ಲದ ರಸಾಯನಶಾಸ್ತ್ರ! ಹೋಟೆಲ್ ಉದ್ಯೋಗಕ್ಕಾದರೆ ಸರಿ, ನನಗೆ ಸದ್ಯಕ್ಕೆ ಬೇಡ.

ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಜಂಪಾದವರ ವೈನರಿಯನ್ನೂ ನೋಡಿ ಬರಬಹುದು. ಸವಿಯಲು ಸಿಗುವುದು ಅವರದೇ ವೈನ್, ನಿಜ. ಆದರೆ ಉಕ್ಕಿನ ಟ್ಯಾಂಕು, ಓಕ್ ಮರದ ಪೀಪಾಯಿಗಳನ್ನು ಕಣ್ಣಾರೆ ನೋಡಿದರೆ ತರಗತಿಯಲ್ಲಿ ಕೇಳಿದ್ದರಲ್ಲಿ ಅರ್ಧ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹೋಗುವುದಾದರೆ ದ್ರಾಕ್ಷಿ ಕೊಯ್ಲಿನ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಕಾರು ಓಡಿಸಲು ಕುಡಿಯದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.