ಕುಂಬಳ ಕಾಯಿ ಕಚ್ಚಲಿಲ್ಲ ಅಂತ ಶುರುವಾದ ತೋಟ

ಮೊದಲ ವಾರ

ಹಿತ್ತಲ ಗೋಡೆಯ ಮೂಲೆಯಲ್ಲಿ ಒಂದು ಕುಂಬಳ ಬಳ್ಳಿ ಇದೆ. ಎಲೆ ನೋಡಿದರೆ ದೃಷ್ಟಿಯಾಗಬೇಕು, ಹಾಗೆ ಬೆಳೆದಿದೆ. ಹೂವೂ ಬಿಡುತ್ತಿದೆ. ಕಾಯಿ ಮಾತ್ರ ಒಂದೂ ಕಚ್ಚಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಇರುತ್ತದಲ್ಲ, ಅದು ಮೂರು ನಾಲ್ಕು ದಿನ ಆಸೆ ತೋರಿಸಿ ಹಳದಿಯಾಗಿ ಉದುರುತ್ತದೆ. ಗೊಬ್ಬರ ಸಾಲದೇನೋ ಅಂದುಕೊಂಡು ಎರಡು ಸಲ ಹಾಕಿದೆ. ಎಲೆ ಇನ್ನೂ ದೊಡ್ಡದಾಯಿತು, ಅಷ್ಟೇ.

ನಿನ್ನೆ ಬೆಳಿಗ್ಗೆ 6ಕ್ಕೆ ಬಳ್ಳಿ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಹೂ ಆಗಲೇ ಅರಳಿತ್ತು. ಹತ್ತೂವರೆಗೆಲ್ಲ ಮುದುಡಿಕೊಂಡಿತು. ಅಷ್ಟು ಹೊತ್ತಿನಲ್ಲಿ ಬಂದದ್ದು ಇರುವೆ ಮಾತ್ರ. ಕುಂಬಳದ ಹೂವಿಗೆ ಒಂದೇ ಬೆಳಗಿನ ಆಯುಸ್ಸು. ಅದರ ಪರಾಗ ದಪ್ಪ, ಅಂಟು. ಗಾಳಿಗೆ ಹಾರುವಂಥದ್ದಲ್ಲ. ಗಂಡು ಹೂವಿಂದ ಹೆಣ್ಣು ಹೂವಿಗೆ ಯಾರಾದರೂ ಹೊತ್ತು ತರಲೇಬೇಕು. ಅದೂ ಒಂದು ಸಲ ಬಂದರೆ ಸಾಲದು. ಹಲವು ಸಲ ಬಂದು ಪರಾಗ ಚೆನ್ನಾಗಿ ಮೆತ್ತಿದರೆ ಕಾಯಿ ಗುಂಡಗೆ ಬೆಳೆಯುತ್ತದೆ. ಕಡಿಮೆಯಾದರೆ ಸೊಟ್ಟ ಕಾಯಿ, ಇಲ್ಲವೇ ನನ್ನಲ್ಲಿ ಆದ ಹಾಗೆ.

ಇವತ್ತು ಗಂಡು ಹೂ ಕಿತ್ತು, ದಳ ಹರಿದು ಹಾಕಿ, ಒಳಗಿನ ಕೇಸರವನ್ನು ಹೆಣ್ಣು ಹೂವಿಗೆ ಒರೆಸಿದೆ. ಎರಡು ನಿಮಿಷದ ಕೆಲಸ. ಆದರೆ ದಿನಾ ಬೆಳಿಗ್ಗೆ ಎದ್ದು ಇದನ್ನು ಯಾರು ಮಾಡ್ತಾರೆ? ಮಾಡುವವರನ್ನೇ ಕರೆಸೋಣ. ಈ ನೋಟ್‌ಬುಕ್ ಅದಕ್ಕೇ.

ಎರಡನೇ ವಾರ

ಹೊಸ ಗಿಡ ತರುವ ಮುಂಚೆ ಇರುವ ಗಿಡಗಳಿಗೆ ಯಾರು ಬರ್ತಾರೆ ನೋಡೋಣ ಅನ್ನಿಸಿತು. ನಿಯಮ ಸರಳ. ಬಿಸಿಲಿರುವ ದಿನ, 9ರಿಂದ 10ರ ಒಳಗೆ, ಒಂದು ಗಿಡದ ಮುಂದೆ 10 ನಿಮಿಷ. ಹೂವಿನ ಮೇಲೆ ಕೂತವರನ್ನು ಮಾತ್ರ ಎಣಿಸುವುದು. ಸುಮ್ನೆ ಸುತ್ತು ಹೊಡೆದು ಹೋದವರು ಲೆಕ್ಕಕ್ಕಿಲ್ಲ. ಬಂದವರೇ ಮತ್ತೆ ಬಂದರೆ ಅವರೂ ಲೆಕ್ಕವೇ, ಯಾಕೆಂದರೆ ಮುಖ ನೋಡಿ ಗುರುತು ಹಿಡಿಯಲು ನನಗೆ ಬರುವುದಿಲ್ಲ.

ಗುಲಾಬಿ 0. ಸೇವಂತಿಗೆ 0. ಬೋಗನ್‌ವಿಲ್ಲಾ 0. ಚೆಂಡು ಹೂ 2, ಅದರಲ್ಲಿ ಒಂದು ಮಾಮೂಲಿ ನೊಣ. ನೀರಿನ ಟ್ಯಾಂಕಿನ ಹಿಂದೆ ತಾನೇ ಹುಟ್ಟಿಕೊಂಡ ಕಾಮಕಸ್ತೂರಿ 31.

ಮೂವತ್ತೊಂದು! ನಾನು ದುಡ್ಡು ಕೊಟ್ಟು ತಂದ ಗಿಡಗಳೆಲ್ಲ ಸೇರಿ ಎರಡು. ಎದುರಿಗಿದ್ದ ಕಾಮಕಸ್ತೂರಿ ಗಿಡಗಳ ಕದಿರನ್ನು ಎಲೆ ಚೆನ್ನಾಗಿ ಬರಲಿ ಅಂತ ನಾನೇ ವಾರಕ್ಕೊಮ್ಮೆ ಚಿವುಟುತ್ತಿದ್ದೆ. ಟ್ಯಾಂಕಿನ ಹಿಂದಿನದು ಕಣ್ಣಿಗೆ ಬೀಳದೆ ಉಳಿದಿತ್ತು.

ಗುಲಾಬಿಯ ಸೊನ್ನೆಗೆ ಕಾರಣ ಹೂವನ್ನು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಕಾಡು ಗುಲಾಬಿಗೆ ಐದೇ ದಳ, ನಡುವೆ ತುಂಬ ಕೇಸರ. ದಳ ಜಾಸ್ತಿ ಬೇಕು ಅಂತ ಮನುಷ್ಯರು ಆರಿಸಿ ಆರಿಸಿ ಬೆಳೆಸಿದ ತಳಿಗಳಲ್ಲಿ ಆ ಕೇಸರಗಳೇ ದಳಗಳಾಗಿವೆ. ಪರಾಗ ಕಡಿಮೆ, ಇದ್ದರೂ ಅಷ್ಟು ದಳ ಸರಿಸಿಕೊಂಡು ಒಳಗೆ ಹೋಗುವುದು ಕಷ್ಟ. ಒತ್ತೊತ್ತಾದ ಸೇವಂತಿಗೆ, ಚೆಂಡು ಹೂವಿನದೂ ಹೆಚ್ಚುಕಡಿಮೆ ಇದೇ ಪಾಡು. ಬೋಗನ್‌ವಿಲ್ಲಾದಲ್ಲಿ ಬಣ್ಣ ಇರುವುದು ಹೂವಿಗಲ್ಲ, ಸುತ್ತಲಿನ ಎಲೆಗೆ. ನಿಜವಾದ ಹೂ ನಡುವೆ ಸಣ್ಣ ಕೊಳವೆ ಥರ ಇದೆ. ಜೇನಿನ ನಾಲಿಗೆ ಅದರ ತಳ ಮುಟ್ಟುವುದು ಕಷ್ಟ.

ಮೂರನೇ ವಾರ

ಬಿತ್ತನೆ. ಹಿಂದೆಲ್ಲ ಹೂವಿನ ಚಿತ್ರ ನೋಡಿ ಬೀಜ ಆರಿಸುತ್ತಿದ್ದೆ. ಈ ಸಲ ಆರಿಸಿದ ರೀತಿಯೇ ಬೇರೆ.

ಮೊದಲು ಬಣ್ಣ. ಜೇನಿಗೆ ಕೆಂಪು ಒಂದು ಬಣ್ಣವಾಗಿ ಕಾಣುವುದಿಲ್ಲ. ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ಜೇನಿಗೆ ಬಣ್ಣ ಗೊತ್ತಾಗುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದವರು ಕಾರ್ಲ್ ಫಾನ್ ಫ್ರಿಶ್ ಅನ್ನುವ ವಿಜ್ಞಾನಿ. ನೀಲಿ ಕಾಗದದ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿದರು. ಆಮೇಲೆ ಆ ನೀಲಿ ಕಾಗದವನ್ನು ಬೇರೆ ಬೇರೆ ಬೂದು ಬಣ್ಣದ ಕಾಗದಗಳ ನಡುವೆ ಸೇರಿಸಿಟ್ಟರು. ಜೇನುಗಳು ಸೀದಾ ನೀಲಿಗೇ ಬಂದವು. ಮುಂದೆ 1973ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ನನ್ನ ಪಟ್ಟಿಯಲ್ಲಿ ನೀಲಿ, ನೇರಳೆ, ಹಳದಿ, ಬಿಳಿ ಜಾಸ್ತಿ. ಕೆಂಪು ದಾಸವಾಳ ಹೇಗೂ ಇದೆ, ಅದು ಸೂರಕ್ಕಿಗೆ.

ಆಮೇಲೆ ಆಕಾರ. ಕೊತ್ತಂಬರಿ, ಸಾಸಿವೆ, ಎಳ್ಳು, ಒಂಟಿ ಸುತ್ತು ದಳದ ಕಾಸ್ಮಾಸ್, ಸೂರ್ಯಕಾಂತಿ, ತೊಗರಿ, ಇನ್ನಷ್ಟು ಕಾಮಕಸ್ತೂರಿ. ಕೊತ್ತಂಬರಿಯ ಚಿಕ್ಕ ಬಿಳಿ ಹೂ ತಟ್ಟೆಯ ಹಾಗೆ ತೆರೆದಿರುತ್ತದೆ, ಗಿಡ್ಡ ನಾಲಿಗೆಯ ಸಣ್ಣ ಕೀಟಕ್ಕೂ ಮಕರಂದ ಸಿಗುತ್ತದೆ. ತೊಗರಿ ಹೂ ಇದಕ್ಕೆ ತದ್ವಿರುದ್ಧ. ಮುಚ್ಚಿದ ಬಾಗಿಲು. ತಳ್ಳಿ ತೆಗೆಯುವ ಬಲ ಇರುವವರು ಬೇಕು. ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಎರಡು ಸಲ ಓದಿದೆ. ಹೂದಾನಿಗೆ ಅಂತ ಬೆಳೆಸಿದ ಕೆಲವು ತಳಿಗಳಲ್ಲಿ ಪರಾಗವೇ ಇರುವುದಿಲ್ಲ, ಬಟ್ಟೆಗೆ ಹಳದಿ ಮೆತ್ತಬಾರದು ಅಂತ. ನನಗೆ ಬೇಕಾದದ್ದೇ ಆ ಹಳದಿ.

ಸಸಿ ತರದೆ ಬೀಜವನ್ನೇ ಹಾಕಿದ್ದಕ್ಕೂ ಕಾರಣ ಇದೆ. ಮಾರಾಟದ ಸಸಿಗೆ ಏನು ಸಿಂಪಡಿಸಿರುತ್ತಾರೋ ಹೇಳಲಾಗದು. ಕೆಲವು ಕೀಟನಾಶಕ ಎಲೆ ಮೇಲೆ ನಿಲ್ಲುವುದಿಲ್ಲ, ಗಿಡದ ರಸಕ್ಕೇ ಸೇರಿ ಪರಾಗ, ಮಕರಂದದವರೆಗೂ ಹೋಗುತ್ತದೆ. ಇಂಥವುಗಳಲ್ಲಿ ನಿಯೋನಿಕೋಟಿನಾಯ್ಡ್ ಅನ್ನುವ ಗುಂಪಿನ ಮೂರನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಬಳಸಬಾರದು ಅಂತ ನಿಷೇಧಿಸಿದ್ದು ಜೇನಿನ ಕಾರಣಕ್ಕೇ.

ಒಂದೊಂದು ಜಾತಿಯನ್ನು ಒಂದೊಂದು ಮಡಿಯಲ್ಲಿ ಒಟ್ಟಿಗೆ ಹಾಕಿದ್ದೇನೆ. ಒಂದು ಇಲ್ಲಿ, ಒಂದು ಅಲ್ಲಿ ಅಂತ ಚೆಲ್ಲಿಲ್ಲ. ಜೇನು ಒಂದು ಸುತ್ತಿಗೆ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ. ಒಂದೇ ಗಿಡ ಇದ್ದರೆ ಅದು ತಿರುಗಿಯೂ ನೋಡಲಿಕ್ಕಿಲ್ಲ.

ಹೊಸ ಕುಂಬಳ ಬೀಜ ಮಡಿಗಳ ಮಧ್ಯೆ. ಮೂಲೆಗಲ್ಲ.

ಐದನೇ ವಾರ

ಬಸವನಹುಳು 11 ಸೂರ್ಯಕಾಂತಿ ಸಸಿಗಳಲ್ಲಿ 7 ತಿಂದಿದೆ. ಮತ್ತೆ ಬಿತ್ತಿದೆ. ಬೇರೇನೂ ಇಲ್ಲ.

ಎಂಟನೇ ವಾರ

ಸಾಸಿವೆ ಮಡಿ ಪೂರ್ತಿ ಹಳದಿ. ಹತ್ತಿರ ಹೋದರೆ ಗುಂಯ್ ಅನ್ನುತ್ತದೆ. 10 ನಿಮಿಷಕ್ಕೆ 54, ಎಣಿಕೆ ಎರಡು ಸಲ ತಪ್ಪಿತು. ತುಡುವೆ ಜೇನು ಜಾಸ್ತಿ. ಒಂದೆರಡು ಹೆಜ್ಜೇನು. ಮುಜಂಟಿ ಅನ್ನುವ ಪುಟ್ಟ ಜೇನೂ ಇವೆ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡಾಗ ಮಾತ್ರ ನನ್ನ ಕಣ್ಣಿಗೆ ಬೀಳುತ್ತವೆ.

ನಾನು ಜೇನು ಅಂತ ಎಣಿಸಿದ ಕೆಲವು ಜೇನೇ ಅಲ್ಲ. ಹಳದಿ ಕಪ್ಪು ಪಟ್ಟೆ ಇರುವ ನೊಣಗಳು. ಇಂಗ್ಲಿಷಿನಲ್ಲಿ ಹೋವರ್ ಫ್ಲೈ ಅಂತಾರೆ. ಗಾಳಿಯಲ್ಲಿ ಒಂದೇ ಕಡೆ ಗೂಟ ಹೊಡೆದ ಹಾಗೆ ನಿಲ್ಲುತ್ತವೆ. ಮೀಸೆ ತೀರಾ ಗಿಡ್ಡ, ಕಣ್ಣು ತಲೆ ತುಂಬ. ಜೇನಿಗೆ ನಾಲ್ಕು ರೆಕ್ಕೆ, ಇವಕ್ಕೆ ಎರಡೇ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಇವೂ ಪರಾಗ ಸಾಗಿಸುತ್ತವೆ. ಇನ್ನು ಮೇಲೆ ಇವಕ್ಕೆ ಬೇರೆ ಕಾಲಂ.

ಒಂಬತ್ತನೇ ವಾರ

ತಪ್ಪು ಮಾಡಿದೆ. ಕೊತ್ತಂಬರಿ ದಂಟಿಗೆ ಗಿಡಹೇನು ಮುತ್ತಿತ್ತು. ಅದರ ನಡುವೆ ಹಸಿರು, ಕಾಲಿಲ್ಲದ, ಅರ್ಧ ಅಕ್ಕಿಕಾಳಿನಂಥ ಹುಳುಗಳೂ ಇದ್ದವು. ಎಲ್ಲ ಸೇರಿ ಗಿಡ ತಿನ್ನುತ್ತಿವೆ ಅಂದುಕೊಂಡು ಸೋಪಿನ ನೀರು ಹೊಡೆದೆ. ಎರಡೂ ಸತ್ತವು. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ, ಒಂದು ಹುಳುವಿನ ಬಾಯಲ್ಲಿ ಗಿಡಹೇನು ಇನ್ನೂ ಹಾಗೇ ಇತ್ತು. ಕಳೆದ ವಾರ ಹೊಗಳಿದ ಆ ಪಟ್ಟೆ ನೊಣದ ಮರಿಗಳು ಅವು. ಗಿಡಹೇನನ್ನು ತಿನ್ನುವುದೇ ಅವುಗಳ ಕೆಲಸ. ನನ್ನ ಕೆಲಸ ಮಾಡುತ್ತಿದ್ದವರನ್ನೇ ತೊಳೆದು ಹಾಕಿದೆ.

ಸ್ಪ್ರೇ ಬಾಟಲಿಯನ್ನು ಕಪಾಟಿನ ಮೇಲಿನ ಅಟ್ಟಕ್ಕೆ ಹಾಕಿದ್ದೇನೆ. ಏಣಿ ಇಲ್ಲದೆ ಸಿಗಬಾರದು.

ಹತ್ತನೇ ವಾರ

ಹೊಸ ಕುಂಬಳ ಹೂ ಬಿಟ್ಟಿತು. ಪಕ್ಕದಲ್ಲಿ ಅಷ್ಟು ಹೂ ಇರುವಾಗ ಜೇನು ಕುಂಬಳವನ್ನು ಬಿಟ್ಟು ಅಲ್ಲಿಗೇ ಹೋದರೆ ಅನ್ನುವ ಹೆದರಿಕೆ ಇತ್ತು. ಸಮಯ ಕಾಪಾಡಿತು. ಕುಂಬಳ ಅರಳುವುದು ಬೆಳಕು ಹರಿಯುವಾಗ. ಕಾಮಕಸ್ತೂರಿ ಹತ್ತಿರ ಜನ ಸೇರುವುದು ಎಂಟರ ಮೇಲೆ. ಆರೂವರೆಗೆ ಒಂದು ಗಂಡು ಹೂವಿನೊಳಗೆ ಮೂರು ಜೇನು, ಮೈಯೆಲ್ಲ ಹಳದಿ ಹಿಟ್ಟು. ಸ್ಟೂಲ್ ಮೇಲೆ ಕೂತು ಕಾಫಿ ಆರಿಸಿಕೊಂಡೆ.

ಬದನೆಯ ಕಥೆ ಬೇರೆ. ಹೂ ತುಂಬ ಇದೆ, ತುಡುವೆ ಜೇನು ಬಂದು ಒಂದು ನಿಮಿಷ ತಡಕಾಡಿ ಹೋಗುತ್ತದೆ. ಬದನೆ, ಟೊಮೆಟೊ ಹೂಗಳಲ್ಲಿ ಪರಾಗ ಹೊರಗೆ ಇರುವುದಿಲ್ಲ. ಉಪ್ಪಿನ ಡಬ್ಬಿಯ ಹಾಗೆ, ಕೇಸರದ ತುದಿಯಲ್ಲಿ ಸಣ್ಣ ತೂತು, ಅಲುಗಾಡಿಸಿದರೆ ಮಾತ್ರ ಬೀಳುತ್ತದೆ. ಕರಿ ದುಂಬಿ, ಹೊಟ್ಟೆಗೆ ನೀಲಿ ಪಟ್ಟೆ ಇರುವ ಒಂಟಿ ಜೇನು ಇಂಥವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನಷ್ಟೇ ಗಡಗಡ ಅದುರಿಸುತ್ತವೆ. ತುಡುವೆಗೆ ಆ ವಿದ್ಯೆ ಗೊತ್ತಿಲ್ಲ. ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿ ತಾಗಿಸಿ ನೋಡಿದೆ. ಕೈ ಮೇಲೆ ಹಳದಿ ಪುಡಿ ಉದುರಿತು! ಟೊಮೆಟೊ ಹೂವಿಗೂ ಹಿಡಿದೆ. ಅರ್ಧ ಗಂಟೆ ಬೇರೆ ಕೆಲಸ ಮಾಡಲಿಲ್ಲ.

ಹನ್ನೆರಡನೇ ವಾರ

ಸಂಜೆಯ ಪಾಳಿ ನೋಡಲು ಕೂತೆ. ಸೋರೆ ಹೂ ಹೊತ್ತು ಇಳಿಯುವಾಗ ಬಿಳಿಯಾಗಿ ಅರಳುತ್ತದೆ, ಸಂಜೆಮಲ್ಲಿಗೆ ಅದರ ಜೊತೆಗೆ. ದೊಡ್ಡ ಪತಂಗ ಒಂದು ಬಂತು, ಕೂರದೆ ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಚಾಚಿತು. ಪುಟ್ಟ ಹಕ್ಕಿ ಅಂದುಕೊಂಡೆ. ಬೆಳಿಗ್ಗೆ 9ರ ಎಣಿಕೆಯಲ್ಲಿ ಸೋರೆಗೆ ಸೊನ್ನೆ ಬರೆದಿದ್ದೆ. ಹೊಡೆದು ಹಾಕಿದೆ. ಅಂಗಳದ ದೀಪವನ್ನೂ ಆರಿಸಿದ್ದೇನೆ, ಪತಂಗ ಹೂ ಬಿಟ್ಟು ಬಲ್ಬು ಸುತ್ತುವುದು ಬೇಡ.

ಹದಿಮೂರನೇ ವಾರ

ನಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆ. ಒರೆಸಲು ಹೋದರೆ ಹಿಕ್ಕೆ ನಡೆಯಿತು. ಸ್ವಾಲೋಟೇಲ್ ಜಾತಿಯ ಚಿಟ್ಟೆಯ ಮರಿ. ಕೆಣಕಿದರೆ ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಹಾಕಿ ಗಬ್ಬು ವಾಸನೆ ಬಿಡುತ್ತದೆ.

ಅಕ್ಕ ನೋಡಿ, "ಏನೋ, ಗಿಡ ಬೆಳೆಸ್ತಿದ್ದೀಯೋ ಹುಳ ಸಾಕ್ತಿದ್ದೀಯೋ?" ಅಂದಳು.

ಎರಡೂ. ಚಿಟ್ಟೆಗೆ ಮಕರಂದದ ಹೂ ಇದ್ದರೆ ಬಂದು ಕುಡಿದು ಹೋಗುತ್ತದೆ. ಇಲ್ಲೇ ಉಳಿಯಬೇಕಾದರೆ ಮರಿಗೆ ತಿನ್ನುವ ಎಲೆ ಬೇಕು. ಅದೂ ಒಂದೊಂದಕ್ಕೆ ಒಂದೊಂದು ಗಿಡ. ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕ, ಇದಕ್ಕೆ ನಿಂಬೆ. ಅಕ್ಕನಿಗೆ ಇಷ್ಟೆಲ್ಲ ಹೇಳಿದೆ. "ನಿಂಬೆಕಾಯಿ ಉಳಿದರೆ ಹೇಳು" ಅಂತ ಹೋದಳು.

ಹದಿನಾಲ್ಕನೇ ವಾರ

ತೊಗರಿ ಹೂ ಬಿಟ್ಟ ಮೂರನೇ ದಿನ ಕರಿ ದುಂಬಿ ಹಾಜರ್. ಹೆಬ್ಬೆರಳ ತುದಿಯಷ್ಟು ದಪ್ಪ, ಬಿಸಿಲಿಗೆ ರೆಕ್ಕೆ ನೀಲಿ ಹೊಳೆಯುತ್ತದೆ. ತೊಗರಿ ಹೂವಿನ ಮೇಲೆ ಕೂತರೆ ಕಡ್ಡಿಯೇ ಬಾಗುತ್ತದೆ. ಅಲ್ಲಿಂದ ಬದನೆಗೆ ಹೋಯಿತು. ಟೂತ್‌ಬ್ರಷ್ ಶಬ್ದವೇ, ಇನ್ನೂ ಸ್ವಲ್ಪ ಜೋರು. ಈ ದುಂಬಿ ಪೂರ್ತಿ ಸಾಧುವೇನಲ್ಲ. ಕೊಳವೆಯಂಥ ಹೂವಾದರೆ ಬುಡವನ್ನೇ ಸೀಳಿ ಮಕರಂದ ಕದಿಯುತ್ತದೆ, ಪರಾಗದ ಗೊಡವೆಗೇ ಹೋಗುವುದಿಲ್ಲ. ಬದನೆ ಮಟ್ಟಿಗೆ ಮಾತ್ರ ಇದಕ್ಕೆ ಎಷ್ಟು ಮರ್ಯಾದೆ ಕೊಟ್ಟರೂ ಕಡಿಮೆ.

ಹದಿನೇಳನೇ ವಾರ

ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಹೆಚ್ಚಿನವು ಗೂಡಿನ ರಾಣಿ, ಕೆಲಸಗಾರ ಅಂತ ಬದುಕುವವಲ್ಲ, ಒಂಟಿ. ಅವುಗಳಲ್ಲಿ ಬಹುಪಾಲು ನೆಲದಲ್ಲಿ ತೂತು ತೋಡಿ ಮೊಟ್ಟೆ ಇಡುತ್ತವೆ. ನಾನು ಒಂದಿಂಚು ನೆಲ ಬಿಡದೆ ಒಣ ಎಲೆ ಮುಚ್ಚಿದ್ದೆ! ಬಿಸಿಲು ಬೀಳುವ ಕಡೆ ಎರಡು ಅಡಿ ಜಾಗವನ್ನು ಬರಿದು ಮಾಡಿದೆ. ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟೆ, ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ.

ನೆಲದ ಬದಲು ಕೊಳವೆಯಂಥ ತೂತಿನಲ್ಲಿ ಮೊಟ್ಟೆ ಇಡುವ ಒಂಟಿ ಜೇನುಗಳಿಗೆ ಅಂತ ಬಿದಿರ ಕೊಳವೆಗಳನ್ನು ಕಟ್ಟು ಕಟ್ಟಿ ಎರಡು ವಾರದ ಹಿಂದೆಯೇ ತೂಗುಹಾಕಿದ್ದೆ. 15 ಸೆಂಟಿಮೀಟರ್ ಉದ್ದ, ಒಳಗಿನ ಅಗಲ 4ರಿಂದ 10 ಮಿಲಿಮೀಟರ್, ಹಿಂದಿನ ತುದಿ ಗಿಣ್ಣಿನಿಂದ ಮುಚ್ಚಿದ್ದು. ಮೊನ್ನೆ ಗುಲಾಬಿ ಎಲೆಗಳ ಅಂಚಿನಲ್ಲಿ ನಾಣ್ಯ ಇಟ್ಟು ಕತ್ತರಿಸಿದ ಹಾಗೆ ಗುಂಡನೆ ಕಚ್ಚು ಕಂಡಿತು. ಹುಳು ಹಿಡಿಯಿತು ಅಂದುಕೊಂಡೆ. ಅಟ್ಟಕ್ಕೆ ಏಣಿ ಹಾಕಲು ಹೊರಟವನು ಒಂದು ಗಂಟೆ ಕಾದು ನೋಡಿದೆ. ಬೂದು ಬಣ್ಣದ ಜೇನೊಂದು ಎಲೆಯ ಅಂಚಿನಲ್ಲಿ ಕೂತು, ದವಡೆಯಿಂದ ಸುತ್ತ ಕತ್ತರಿಸಿ, ತುಂಡನ್ನು ಹೊಟ್ಟೆಯಡಿ ಸುರುಳಿ ಮಾಡಿ ಹಿಡಿದು, ಸೀದಾ ಬಿದಿರ ಕೊಳವೆಗೆ. ಎಲೆ ಕತ್ತರಿಸುವ ಜೇನು. ಎಣಿಕೆಯಲ್ಲಿ ಸೊನ್ನೆ ತೆಗೆದುಕೊಂಡ ಗುಲಾಬಿಯನ್ನು ಕಿತ್ತು ಹಾಕೋಣ ಅಂತಿದ್ದೆ. ಈಗ ಇರಲಿ.

ಹತ್ತೊಂಬತ್ತನೇ ವಾರ

ಕುಂಬಳ 4 ಕಾಯಿ. ಒಂದು ಸೊಟ್ಟ. ಮಳೆ ಬಂದ ಬೆಳಗಿನ ಹೂವಿನದು ಅದು.

ಸಾಸಿವೆ ಮುಗಿದು ಬೀಜವಾಗಿದೆ. ಕೊತ್ತಂಬರಿಯೂ. ಎಳ್ಳು ಕೊನೆಯ ಸುತ್ತಿನಲ್ಲಿದೆ, ಎರಡನೇ ಸಲ ಹಾಕಿದ ಸೂರ್ಯಕಾಂತಿಯ ಹೂಗಳೂ ತಲೆ ಬಗ್ಗಿಸಿವೆ. ನೋಟ್‌ಬುಕ್ಕಿನಲ್ಲಿ ವಾರದ ಲೆಕ್ಕ ಹಾಕಿದರೆ ಮುಂದಿನ ಮೂರು ವಾರ ಕಾಮಕಸ್ತೂರಿ, ಕಾಸ್ಮಾಸ್ ಬಿಟ್ಟರೆ ಏನೂ ಅರಳುವುದಿಲ್ಲ. ಎಲ್ಲವನ್ನೂ ಒಂದೇ ದಿನ ಬಿತ್ತಿದ್ದರ ಫಲ. ಇನ್ನು ಮೇಲೆ ಸಾಸಿವೆ, ಕೊತ್ತಂಬರಿ ಎರಡು ವಾರಕ್ಕೊಂದು ಮಡಿ. ಇವತ್ತು ಮೊದಲನೆಯದು ಬಿತ್ತಿದೆ.

ಎಲೆ ಕತ್ತರಿಸುವ ಜೇನು ಒಂದು ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚಿದೆ. ಒಳಗೆ ಸಾಲಾಗಿ ಎಲೆಯ ಕೋಣೆಗಳು, ಒಂದೊಂದರಲ್ಲೂ ಪರಾಗದ ಮುದ್ದೆ, ಒಂದು ಮೊಟ್ಟೆ. ಹಿಂದಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಕಡೆ ಗಂಡು, ಯಾಕೆಂದರೆ ಗಂಡು ಮೊದಲು ಹೊರಬರುತ್ತದೆ. ಗುರುತಿಗೆ ಆ ಕೊಳವೆಗೆ ಕೆಂಪು ದಾರ ಕಟ್ಟಿದ್ದೇನೆ. ಇವತ್ತಿಗೆ ಆರು ದಿನ. ಮುಚ್ಚಳ ಹಾಗೇ ಇದೆ.