ಸೆನ್ಸರ್ ಎರಡು ಸಲ ಬದಲಾಯ್ತು, ಲೈಟ್ ಆರಲಿಲ್ಲ

"ಏರ್ ಫ್ಲೋ ಸೆನ್ಸರ್ ಎರಡು ಸಲ ಹೊಸದು ಹಾಕ್ಸಿದೀನಿ ಸರ್, ಇನ್ನೇನು ಬದಲಾಯಿಸ್ಬೇಕು?"

ಈ ವಾರ ಬಂದ 1.6 ಲೀಟರ್ ಪೆಟ್ರೋಲ್ ಕಾರಿನ ಮಾಲೀಕರ ಮೊದಲ ಮಾತು ಇದು. ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವುದೇ ಆ ಸೆನ್ಸರ್. ಆರದೆ ಉಳಿದದ್ದು ಚೆಕ್ ಎಂಜಿನ್ ಲೈಟ್. ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಪಿ0171: ಮಿಶ್ರಣ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಬಾನೆಟ್ ಎತ್ತಿದರೆ ಥಳಥಳ ಹೊಳೆಯುವ ಅಲ್ಯೂಮಿನಿಯಂ ಪೈಪು, ತುದಿಗೆ ಎಣ್ಣೆ ಹಚ್ಚಿದ ಕೋನ್ ಫಿಲ್ಟರ್.

"ಇದೇನು?"

"ಗಾಳಿ ಜಾಸ್ತಿ ಹೋಗ್ಲಿ ಅಂತ ದೊಡ್ಡ ಪೈಪ್ ಹಾಕ್ಸಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ."

ಸಂಬಂಧ ಇಲ್ಲ! ಕಾರು ಮಾಡಿಫೈ ಮಾಡಿಸಿದವರಿಗೆ ಇದೊಂದು ಚಾಳಿ. ಕಾಯಿಲೆ ವರ್ಣಿಸುವಾಗ ತಾವು ಮಾಡಿಸಿದ್ದನ್ನು ಮಾತ್ರ ಬಿಟ್ಟು ಹೇಳುತ್ತಾರೆ. ಅವರಿಗಿಂತ ಸಿಟ್ಟು ಬಂದದ್ದು ಹಿಂದಿನ ಮೆಕ್ಯಾನಿಕ್ ಮೇಲೆ. ಸ್ಕ್ಯಾನರ್ ತೋರಿಸುವ ಕೋಡನ್ನು ಸಾಮಾನಿನ ಚೀಟಿಯಂತೆ ಓದುವವರು ಇವರು.

ಸ್ಕ್ಯಾನರ್‌ನಲ್ಲಿ ಕೋಡ್‌ಗಿಂತ ಮೊದಲು ನೋಡಬೇಕಾದ್ದು ಫ್ಯುಯಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವುದು. ಲಾಂಗ್ ಟರ್ಮ್ ಅಂದರೆ ಅದು ಕಲಿತಿಟ್ಟುಕೊಂಡ ತಿದ್ದುಪಡಿ, ಶಾರ್ಟ್ ಟರ್ಮ್ ಆ ಕ್ಷಣದ್ದು. ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ +25, ಶಾರ್ಟ್ ಟರ್ಮ್ +7. 2500 ಆರ್‌ಪಿಎಂನಲ್ಲಿ +25 ಮತ್ತು +9. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ರೋಗ ಎಲ್ಲಿದೆ ಅನ್ನುವುದು ಇಲ್ಲೇ ಅರ್ಧ ಗೊತ್ತಾಗುತ್ತದೆ. ವ್ಯಾಕ್ಯೂಮ್ ಲೀಕ್ (ಸೆನ್ಸರ್ ದಾಟಿದ ಮೇಲೆ ಗಾಳಿ ಒಳನುಗ್ಗುವುದು) ಆಗಿದ್ದರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಏರಿ, ರೇಸ್ ಕೊಟ್ಟಾಗ ಇಳಿಯಬೇಕಿತ್ತು. ಫ್ಯುಯಲ್ ಪಂಪ್ ಸೋತಿದ್ದರೆ ಲೋಡ್ ಬಿದ್ದಷ್ಟೂ ಏರಬೇಕಿತ್ತು. ಎಲ್ಲ ಕಡೆ ಒಂದೇ ಪ್ರಮಾಣದ ಕೊರತೆ ಅಂದರೆ ಅಳತೆಯೇ ತಪ್ಪಿದೆ.

ಆದರೂ ಹೊಗೆ ತುಂಬಿ ಲೀಕ್ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿದ್ದಾಯಿತು, ಹೊಗೆ ಎಲ್ಲೂ ಹೊರಬರಲಿಲ್ಲ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಲೀಕಾದರೂ ಸುಳ್ಳು ಲೀನ್ ತೋರಿಸುತ್ತದೆ, ಅದೂ ಇರಲಿಲ್ಲ. ಎಂಜಿನ್ ಚಾಲೂ ಇರುವಾಗ ಏರ್ ಫ್ಲೋ ಸೆನ್ಸರ್‌ನ ಅರ್ಥ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.03 ವೋಲ್ಟ್. 0.1 ದಾಟಿದ್ದರೆ ವೈರಿಂಗ್ ಹುಡುಕಬೇಕಿತ್ತು. ಹಾರ್ನ್, ಲೈಟುಗಳಿಗೆ ಸೆನ್ಸರ್ ಅರ್ಥಿನಿಂದಲೇ ಕವಲು ಎಳೆಯುವ ಮಹಾಶಯರೂ ಇದ್ದಾರೆ.

ಉಳಿದದ್ದು ಆ ಪೈಪು. ಕ್ಯಾಲಿಪರ್ ಹಿಡಿದರೆ ಒಳವ್ಯಾಸ 70 ಮಿಲಿಮೀಟರ್. ಕಂಪನಿ ಪೈಪಿನದು 60. ಹತ್ತೇ ಮಿಲಿಮೀಟರ್ ಅನಿಸುತ್ತದೆ, ಆದರೆ ವಿಸ್ತೀರ್ಣ ವ್ಯಾಸದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ಶೇ. 36 ಹೆಚ್ಚು. ಸೆನ್ಸರ್ ಇಡೀ ಗಾಳಿಯನ್ನು ಅಳೆಯುವುದಿಲ್ಲ. ಕಾದ ತಂತಿಯ ಮೇಲೆ ಹಾಯುವ ತುಣುಕನ್ನು ನೋಡಿ, 60ರ ಪೈಪಿನ ಕೋಷ್ಟಕದಿಂದ ಒಟ್ಟು ಲೆಕ್ಕ ಕಟ್ಟುತ್ತದೆ ಇಸಿಯು. ಪೈಪು ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹಾಯುತ್ತದೆ, ಲೆಕ್ಕ ಕಾಲುಭಾಗದಷ್ಟು ಕಡಿಮೆ ಬರುತ್ತದೆ. ಸೆಕೆಂಡಿಗೆ 2.3 ಗ್ರಾಂ ಇರಬೇಕಾದ ಐಡ್ಲಿಂಗ್ ಗಾಳಿ ಸ್ಕ್ಯಾನರ್‌ನಲ್ಲಿ 1.7 ಅಂತ ಕಂಡದ್ದು ಹೀಗೆ. ಯಾರೋ ಸೇರನ್ನೇ ಬದಲಾಯಿಸಿಟ್ಟು, ಅಳೆಯುವವನನ್ನು ಎರಡು ಸಲ ಕೆಲಸದಿಂದ ತೆಗೆದ ಹಾಗೆ.

ಲೈಟ್ ಉರಿಯುವುದು ದೊಡ್ಡ ವಿಷಯವಲ್ಲ. ಗಾಳಿ ಕಡಿಮೆ ಎಂದು ನಂಬಿದ ಇಸಿಯು ಇಗ್ನಿಷನ್ ಟೈಮಿಂಗನ್ನೂ ಮುಂಚಿತ ಮಾಡುತ್ತದೆ, ಅಂದರೆ ಕಿಡಿ ಬೇಗ ಹೊತ್ತುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಅದು ನಾಕಿಂಗ್‌ಗೆ, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ, ದಾರಿ. ದೊಡ್ಡ ಪೈಪೇ ಬೇಕೆಂದರೆ ಇಸಿಯು ಕೋಷ್ಟಕವನ್ನು ಆ ಪೈಪಿಗೆ ತಕ್ಕಂತೆ ಟ್ಯೂನ್ ಮಾಡಿಸಬೇಕು, ಇಲ್ಲವೇ ಸೆನ್ಸರ್ ಕೂರುವ ಭಾಗವಾದರೂ ಕಂಪನಿಯ ಅಳತೆಯಲ್ಲೇ ಇರಬೇಕು. ಬಾಗಿನ ಪಕ್ಕದಲ್ಲೇ ಸೆನ್ಸರ್ ಇಟ್ಟರೆ ಸುಳಿಗಾಳಿಗೆ ರೀಡಿಂಗ್ ಕುಣಿಯುವುದು ಬೇರೆ.

ಹಳೆಯ ಸೆನ್ಸರ್ ಇನ್ನೂ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿತ್ತು. ತಂತಿಯ ಮೇಲೆ ಫಿಲ್ಟರ್ ಎಣ್ಣೆಯ ತೆಳು ಪೊರೆ. ಎಂಎಎಫ್ (ಏರ್ ಫ್ಲೋ ಸೆನ್ಸರ್) ಕ್ಲೀನರ್ ಹೊಡೆದು, ಬೆರಳಾಗಲಿ ಹತ್ತಿಯಾಗಲಿ ತಾಗಿಸದೆ ಪೂರ್ತಿ ಒಣಗಲು ಬಿಟ್ಟು, ಕಂಪನಿ ಪೈಪಿಗೆ ಕೂರಿಸಿ ಕೋಡ್ ಅಳಿಸಿದ್ದು. ಐಡ್ಲಿಂಗ್‌ನಲ್ಲಿ 2.3 ಬಂತು. ಓಡಿಸಿಕೊಂಡು ಬಂದ ಮೇಲೆ ಲಾಂಗ್ ಟರ್ಮ್ +4. ಕೆಟ್ಟಿಲ್ಲದ ಸೆನ್ಸರ್‌ಗೆ ಎರಡು ಹೊಸ ಸೆನ್ಸರ್‌ಗಳ ಖರ್ಚು.

ಮಾಲೀಕರು ಹೊಳೆಯುವ ಪೈಪನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಮಲಗಿಸಿದರು. ಎಂಜಿನ್ ಸ್ಟಾರ್ಟ್ ಮಾಡಿ ಒಮ್ಮೆ ರೇಸ್ ಕೊಟ್ಟು, ಕಿವಿಗೊಟ್ಟು ಕೇಳಿದರು.

"ಎಲ್ಲಾ ಸರಿ ಸರ್. ಆದ್ರೆ ಆ ಸೌಂಡೇ ಹೋಯ್ತಲ್ಲ?"