ಎಣಿಸಿ ಬರೆದವಳು ನೆಲ್ಲಿ ಬ್ಲೈ

ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ಎಂದರೆ ಹುಚ್ಚಿಯ ವೇಷ ಹಾಕಿ ನ್ಯೂಯಾರ್ಕಿನ ಹುಚ್ಚಾಸ್ಪತ್ರೆ ಹೊಕ್ಕವಳು ಅಂತಲೇ ಎಲ್ಲರಿಗೂ ನೆನಪು. 1887ರ ಆ ವರದಿಯ ನಿಜವಾದ ಬಲ ಇರುವುದು ಆಕೆ ವೇಷ ಕಳಚಿದ ಮೇಲಿನ ಪುಟಗಳಲ್ಲಿ.

‘ವರ್ಲ್ಡ್’ ಪತ್ರಿಕೆಗಾಗಿ ಇಟ್ಟುಕೊಂಡ ಸುಳ್ಳು ಹೆಸರು ನೆಲ್ಲಿ ಬ್ರೌನ್. ಬಟ್ಟೆ ಮೇಲಿನ ಎನ್.ಬಿ. ಅಕ್ಷರಗಳಿಗೆ ಹೊಂದಬೇಕಲ್ಲ! ಕನ್ನಡಿ ಮುಂದೆ ರೆಪ್ಪೆ ಬಡಿಯದೆ ದಿಟ್ಟಿಸುವುದನ್ನು ರೂಢಿಸಿಕೊಂಡು, ಹೆಂಗಸರ ವಸತಿಗೃಹವೊಂದರಲ್ಲಿ ಇಡೀ ರಾತ್ರಿ ನಿದ್ದೆಗೆಟ್ಟು ಕೂತಳು. ಬೆಳಗಾದರೆ ಪೊಲೀಸರು, ನ್ಯಾಯಾಧೀಶ, ಬೆಲ್‌ವ್ಯೂ ಆಸ್ಪತ್ರೆ; ಕೊನೆಗೆ ದೋಣಿ ಹತ್ತಿಸಿ ಹುಚ್ಚಾಸ್ಪತ್ರೆ ಇದ್ದ ಬ್ಲ್ಯಾಕ್‌ವೆಲ್ಸ್ ದ್ವೀಪಕ್ಕೆ.

ದ್ವೀಪ ಮುಟ್ಟಿದ್ದೇ ನಟನೆ ಬಿಟ್ಟಳು. ನೆಟ್ಟಗೆ ಮಾತಾಡಿದಷ್ಟೂ ಹುಚ್ಚು ಬಲವಾಗಿದೆ ಎಂದೇ ಒಬ್ಬರ ಹೊರತು ಡಾಕ್ಟರುಗಳೆಲ್ಲ ತಿಳಿದರು. ನೋಟ್‌ಬುಕ್, ಪೆನ್ಸಿಲ್ ವಾಪಸ್ ಕೇಳಿದರೆ, ಪೆನ್ಸಿಲ್ ತಂದೇ ಇರಲಿಲ್ಲ ಎಂದರು. ತಂದಿದ್ದೆ ಎಂದು ಹಟ ಹಿಡಿದರೆ ಅದೂ ಭ್ರಮೆಯೇ. ಜರ್ಮನ್ ಮಾತ್ರ ಬರುತ್ತಿದ್ದ ಹೆಂಗಸಿನ ಪರೀಕ್ಷೆಯಂತೂ ದುಭಾಷಿಯೇ ಇಲ್ಲದೆ ಮುಗಿಯಿತು. ತನ್ನ ಮಾತು ಯಾರಿಗೂ ತಿಳಿಯದ ಕಡೆ ಆಕೆ ಬುದ್ಧಿ ನೆಟ್ಟಗಿದೆ ಎಂದು ತೋರಿಸುವುದಾದರೂ ಹೇಗೆ?

ಬರೆಯಲು ಏನೂ ಇಲ್ಲದ್ದರಿಂದಲೋ ಏನೋ, ನೆಲ್ಲಿ ಎಲ್ಲವನ್ನೂ ಎಣಿಸಿಟ್ಟುಕೊಂಡಳು. ಮೊದಲ ರಾತ್ರಿಯ ಊಟ: ಬೆಣ್ಣೆ ಸವರಿದ ಒಂದು ತುಂಡು ಬ್ರೆಡ್, ಒಣಗಿದ ಪ್ಲಮ್ ಹಣ್ಣು 5, ಚಹಾ ಎನ್ನುವ ಹೆಸರಿನ ಗುಲಾಬಿ ನೀರು. ಸ್ನಾನದಲ್ಲಿ ತಲೆ ಮೇಲೆ ಒಂದರ ಹಿಂದೊಂದು 3 ಬಕೆಟ್ ತಣ್ಣೀರು. ಮೈ ಒರೆಸದೆ ತೊಡಿಸಿದ ಗಿಡ್ಡ ಅಂಗಿಯ ಮೇಲೆ ದಪ್ಪ ಕಪ್ಪಕ್ಷರದಲ್ಲಿ ‘ಲುನಾಟಿಕ್ ಅಸೈಲಂ, ಬಿ.ಐ., ಎಚ್. 6’, ಅಂದರೆ ಹುಚ್ಚಾಸ್ಪತ್ರೆ, ಬ್ಲ್ಯಾಕ್‌ವೆಲ್ಸ್ ದ್ವೀಪ, 6ನೇ ಹಾಲ್. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಬೆಂಚಿನ ಮೇಲೆ ನೆಟ್ಟಗೆ ಕೂತಿರಬೇಕು. ಓದಲು ಏನೂ ಇಲ್ಲ, ಮಾತೂ ಕೂಡದು. ಕಟ್ಟಡದಲ್ಲಿ ಸುಮಾರು 300 ಹೆಂಗಸರು, ಕೋಣೆಗಳಿಗೆಲ್ಲ ಬೇರೆ ಬೇರೆ ಬೀಗ. ಬೆಂಕಿ ಬಿದ್ದರೆ ದಾದಿಯರು ಒಂದೊಂದೇ ಬಾಗಿಲು ತೆಗೆಯುತ್ತ ನಿಲ್ಲುತ್ತಾರೆಯೇ ಎಂದು ಡಾಕ್ಟರನ್ನೇ ಕೇಳಿದಳು. ‘ಕರುಣಾಜನಕ’ ಎಂದು ಹತ್ತು ಸಲ ಬರೆದಿದ್ದರೂ ಈ ಒಂದು ಪ್ರಶ್ನೆಯ ಏಟು ಬೀಳುತ್ತಿರಲಿಲ್ಲ.

ಹತ್ತು ದಿನದ ಮೇಲೆ ಪತ್ರಿಕೆಯ ವಕೀಲ ಬಂದು ಬಿಡಿಸಿದ. ವರದಿ ಅಕ್ಟೋಬರ್ 9 ಮತ್ತು 16ರಂದು ಎರಡು ಕಂತಿನಲ್ಲಿ ಅಚ್ಚಾಯಿತು. ಗ್ರ್ಯಾಂಡ್ ಜ್ಯೂರಿಯವರು, ಅಂದರೆ ತನಿಖೆ ನಡೆಸಲು ಕೋರ್ಟು ಕೂಡಿಸಿದ ನಾಗರಿಕರ ಮಂಡಳಿಯವರು, ಆಕೆಯನ್ನೂ ಕರೆದುಕೊಂಡು ದ್ವೀಪಕ್ಕೆ ಹೊರಟರು. ಅಷ್ಟರಲ್ಲಿ ಅಲ್ಲಿಗೆ ಸುದ್ದಿ ಮುಟ್ಟಿತ್ತು. ಆಕೆ ಹೆಸರಿಸಿದ್ದ ಕೆಲವು ರೋಗಿಗಳು ಅಲ್ಲಿರಲಿಲ್ಲ; ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಊಟದಲ್ಲಿ ಉಪ್ಪೇ ಇಲ್ಲವೆಂದು ಬರೆದಿದ್ದಳಲ್ಲ, ಬಾಗಿಲ ಪಕ್ಕ ಎದ್ದು ಕಾಣುವಂತೆ ಎರಡು ಪೀಪಾಯಿ ಉಪ್ಪು ಇಟ್ಟಿದ್ದರು. ಜ್ಯೂರಿ ನೆಲ್ಲಿಯ ಮಾತನ್ನೇ ನಂಬಿತು.